ಅತ್ತೆಯ ಉಂಡೆ, ಸೊಸೆಯ ಹರಿಗೋಲು

ತಮಿಳುನಾಡಿನ ಉತ್ತಮಪಾಳಯದ ಹೊಳೆದಡದಲ್ಲಿ ಬೆಳಗಿನ ಐದೂವರೆ. ಮುತ್ತುಸೆಲ್ವಿ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯುವ ಕಲ್ಲುಗಳನ್ನು ನೋಡುತ್ತಿದ್ದಾರೆ. ಒಗೆಯುವುದಕ್ಕಲ್ಲ. ಮೂರನೆಯ ಕಲ್ಲಿನ ನೆತ್ತಿ ಒಣಗಿದ್ದರೆ ಹೊಳೆ ಸಮಾಧಾನದಲ್ಲಿದೆ ಎಂದರ್ಥ. ನೆನೆದಿದ್ದರೆ ಮೇಲೆ ಲೋಯರ್ ಕ್ಯಾಂಪಿನ ವಿದ್ಯುತ್ ಕೇಂದ್ರದ ಕಡೆಯಿಂದ ನೀರು ಬಿಟ್ಟಿದ್ದಾರೆ, ಆ ದಿನ ಹರಿಗೋಲು ಇಳಿಸುವ ಮಾತೇ ಇಲ್ಲ.

“ಸೊಸೆಯಾಗಿ ಬಂದು, ಈ ಕಸುಬು ಹಿಡಿಯೋ ಮುಂಚೆ ಒಂಬತ್ತು ವರ್ಷ ಇದೇ ಕಲ್ಲ ಮೇಲೆ ಬಟ್ಟೆ ಕುಕ್ಕಿದೀನಿ. ಹೊಳೆ ಗುಣ ನಂಗೆ ಯೋಳ್ಕೊಟ್ಟದ್ದು ಇವೇ,” ಎನ್ನುತ್ತಾರೆ. ಇವತ್ತು ಕಲ್ಲು ಒಣಗಿದೆ. ನಲವತ್ತೊಂದರ ಹೆಂಗಸು ಹರಿಗೋಲನ್ನು ತಲೆಯ ಮೇಲೆ ಹೊತ್ತು ನೀರಿಗಿಳಿಸುವುದನ್ನು ನೋಡಿದರೆ ನಮಗೇ ಸೊಂಟ ಹಿಡಿದಂತಾಗುತ್ತದೆ.

ಗಾಳ ಹಾಕುವ ಆಸೆಯಿಂದ ಬರುವವರನ್ನು ಮುಲ್ಲೈ ಪೆರಿಯಾರ್ ಹೊಳೆಯಲ್ಲಿ ಸುತ್ತಿಸಿ ಮೀನಿರುವ ಜಾಗ ತೋರಿಸುವುದು ಇವರ ಕೆಲಸ. ಒಂದು ಬೆಳಗಿಗೆ ಒಂದೇ ಗುಂಪು, ಹೆಚ್ಚೆಂದರೆ ಇಬ್ಬರು, ಮೂರು ಗಂಟೆ, ಎರಡು ಕಿಲೋಮೀಟರು, ಐದು ಮಡು. ನೀರು ಕಡಿಮೆಯಾದಾಗ ಗೆಂಡೆ ಯಾವ ಬಂಡೆಯ ನೆರಳಿಗೆ ಬರುತ್ತದೆ, ಜಿಲೇಬಿ ಮೀನು ಯಾವ ಜೊಂಡಿನಲ್ಲಿ ಮೊಟ್ಟೆಯಿಡುತ್ತದೆ, ಎಲ್ಲವೂ ಬಾಯಿಪಾಠ. ಗಂಡ ಮನೋಜ್‌ಕುಮಾರ್ ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುತ್ತಾರೆ. “ಅವರಿಗೆ ನೀರು ಅಂದ್ರೆ ಭಯ, ಸ್ನಾನಕ್ಕೂ ಕರೀಬೇಕು,” ಎಂದು ಹೆಂಡತಿಯ ದೂರು.

ಹರಿಗೋಲು, ಮನೆಯವರ ಬಾಯಲ್ಲಿ ಪರಿಸಲ್, ಮಾವ ಕರುಪ್ಪಯ್ಯ ಅವರದು. ಸೇತುವೆ ಬರುವ ಮುಂಚೆ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು, ಸೇತುವೆ ಬಂದ ಮೇಲೆ ಮೀನು ಹಿಡಿದರು. ಅವರು ತೀರಿಕೊಂಡ ಮೇಲೆ ಅದು ಎರಡು ವರ್ಷ ಗೋಡೆಗೆ ಬೋರಲಾಗಿ ಒರಗಿತ್ತು. ಗೆದ್ದಲು ಹಿಡಿಯುವುದನ್ನು ನೋಡಲಾರದೆ ಸೊಸೆ ಅದನ್ನು ನೀರಿಗೆ ಇಳಿಸಿದ ದಿನ ಅತ್ತೆ ಚೆಲ್ಲಮ್ಮಾಳ್ ಮಾತು ಬಿಟ್ಟರು. ಮೂರು ದಿನ ಮನೆಯಲ್ಲಿ ಪಾತ್ರೆಗಳದ್ದೇ ಮಾತು. ನಾಲ್ಕನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಮೀನಿಗೆ ಹಾಕುವ ಉಂಡೆ ಕಟ್ಟಿ ಇಟ್ಟಿದ್ದರು.

ಅಂದಿನಿಂದ ಎಂಟು ವರ್ಷ ಉಂಡೆ ಅತ್ತೆಯದೇ. ರಾಗಿಮುದ್ದೆಗೆ ಓಡೈಪಟ್ಟಿಯ ತೋಟಗಳಲ್ಲಿ ಉದುರಿದ ಹುಳಿ ದ್ರಾಕ್ಷಿ ಹಿಚುಕಿ, ಹುರಿಗಡಲೆ ಹಿಟ್ಟು ಬೆರೆಸಿ ನಾದುತ್ತಾರೆ. ಎಪ್ಪತ್ತೊಂದರ ಈ ಅಜ್ಜಿ ಊರಿಗೆಲ್ಲ ಸಾರುವುದೂ ಅದನ್ನೇ: ಮೀನು ಸಿಗುವುದು ನನ್ನ ಉಂಡೆಗೆ, ಅವಳ ಹುಟ್ಟಿಗಲ್ಲ. ಆದರೆ ಹರಿಗೋಲಿಗೆ ಮಾತ್ರ ಕಾಲಿಟ್ಟವರಲ್ಲ.

“ಅವರಿದ್ದಾಗ ಎಷ್ಟು ಸಲ ಕರೆದ್ರು. ಕೆಲಸ ಅದೆ, ಕೆಲಸ ಅದೆ ಅಂತ ಒಂದು ದಿನಾನೂ ಹತ್ತಲಿಲ್ಲೆ. ಈಗ ಯಾವ ಮುಖ ಇಟ್ಕೊಂಡು ಹತ್ತಲಿ?” ಎನ್ನುತ್ತಾರೆ ಚೆಲ್ಲಮ್ಮಾಳ್.

ಮುತ್ತುಸೆಲ್ವಿಯ ಆಸೆಯೂ ಅದೊಂದೇ. ಅತ್ತೆ ಒಮ್ಮೆಯಾದರೂ ತನ್ನ ಹರಿಗೋಲಿನಲ್ಲಿ ಕೂರಬೇಕು. ಪೊಂಗಲಿಗೆ ಕರೆದಿದ್ದಾರೆ, ಹುಣ್ಣಿಮೆಗೆ ಕರೆದಿದ್ದಾರೆ, ಕಾಲು ಹಿಡಿಯುವುದೊಂದು ಬಾಕಿ.

ಇವತ್ತಿನ ಅತಿಥಿ ಅಯ್ಯಾವು, ದಿಂಡಿಗಲ್ಲಿನ ನಿವೃತ್ತ ಬಸ್ ಕಂಡಕ್ಟರ್. ಮಗಳು ಸರಣ್ಯಾ ಕೊಡಿಸಿದ ಹೊಸ ಗಾಳದ ಕೋಲು ಕೈಯಲ್ಲಿದೆ. ಬರುತ್ತಿರುವುದು ಮೂರನೆಯ ಸಲ, ಸಿಕ್ಕ ಮೀನು ಸೊನ್ನೆ. ಮೆಟ್ಟಿಲ ಕೆಳಗಿನ ಮೊದಲ ಮಡುವಿನಲ್ಲೇ ಒಂದು ಗಂಟೆ ಕಳೆಯುತ್ತದೆ. ಬೆಂಡು ಅಲುಗುವುದಿಲ್ಲ.

“ಉಂಡೆ ಸರಿಯಿಲ್ಲಮ್ಮಾ. ನೀರಿಗೆ ಬಿದ್ದ ಕೂಡಲೇ ಉದುರಿಹೋಗುತ್ತೆ,” ಎಂದು ಅಯ್ಯಾವು ತಮಿಳಿನಲ್ಲಿ ಗೊಣಗುತ್ತಾರೆ.

ಬೇರೆ ಯಾರಾದರೂ ಈ ದೂರನ್ನು ನುಂಗಿಕೊಳ್ಳುತ್ತಿದ್ದರು. ಮುತ್ತುಸೆಲ್ವಿ ಮೆಟ್ಟಿಲ ಕಡೆಗೆ ತಿರುಗಿ, ಪಾತ್ರೆ ಉಜ್ಜುತ್ತಿದ್ದ ಅತ್ತೆಗೆ ಕೇಳುವಂತೆ ಮನೆಮಾತಾದ ಕನ್ನಡದಲ್ಲಿ ಕೂಗುತ್ತಾರೆ: “ಅತ್ತೇ, ನಿಮ್ಮ ಉಂಡೆ ಸರಿಯಿಲ್ಲೆ ಅಂತಾರೆ ಇವರು.”

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಲ್ಲಿ ಚೆಲ್ಲಮ್ಮಾಳ್ ಎದ್ದು ಬರುತ್ತಾರೆ. ಬೂದಿಗೈಯನ್ನು ನೀರಿಗೆ ಅದ್ದಿ, ಸೀರೆ ಎತ್ತಿ ಸಿಕ್ಕಿಸಿ, ಕೊನೆಯ ಮೆಟ್ಟಿಲಲ್ಲಿ ನಿಲ್ಲುತ್ತಾರೆ. “ತಾ ಈ ಕಡೆ ಪರಿಸಲ್.”

ಮುತ್ತುಸೆಲ್ವಿ ಥಟ್ಟನೆ ಹರಿಗೋಲು ತಿರುಗಿಸುತ್ತಾರೆ. ಒಂದು ಮಾತು ಆಡಿದರೂ ಅತ್ತೆಗೆ ಹಳೆಯ ಹಟ ನೆನಪಾಗಿಬಿಟ್ಟರೆ ಎಂಬ ಭಯ. ಚೆಲ್ಲಮ್ಮಾಳ್ ಸೊಸೆಯ ಭುಜ ಹಿಡಿದು ಒಳಗೆ ಕಾಲಿಡುತ್ತಾರೆ, ಹರಿಗೋಲು ಒಮ್ಮೆ ತೂಗುತ್ತದೆ, ಅಜ್ಜಿ ಕೂತುಬಿಡುತ್ತಾರೆ.

“ಎಲ್ಲಿ, ಉಂಡೆ ಮುರಿದು ಗಾಳಕ್ಕೆ ಹೆಂಗೆ ಕಟ್ತೀರ ತೋರಿಸಿ,” ಎಂದು ಚೆಲ್ಲಮ್ಮಾಳ್ ಅಯ್ಯಾವು ಅವರ ಕೈ ಹಿಡಿಯುತ್ತಾರೆ. ತಪ್ಪು ಆಗಲೇ ಸಿಗುತ್ತದೆ. “ಟಿಕೆಟ್ ಹರಿದಂಗೆ ಅಮುಕಬಾರದು ಅಯ್ಯಾ, ಬಿರುಕು ಬಿಡ್ತದೆ. ಕೈ ನೆನೆಸ್ಕೊಂಡು ಮೆತ್ತಗೆ ಉರುಟಬೇಕು, ಕೂಸಿನ ತಲೆ ಸವರಿದಂಗೆ.”

ತಾವೇ ಉರುಟಿ ಗಾಳಕ್ಕೆ ಸಿಕ್ಕಿಸಿ ಕೊಡುತ್ತಾರೆ. ಹತ್ತು ನಿಮಿಷವೂ ಆಗಿಲ್ಲ, ಬೆಂಡು ಗುಳುಕ್ಕೆಂದು ಮುಳುಗುತ್ತದೆ. ಕೋಲು ಬಾಗುತ್ತದೆ, ಅಯ್ಯಾವು ಎದ್ದು ನಿಲ್ಲುತ್ತಾರೆ, ಹಿಂದಿನಿಂದ ಚೆಲ್ಲಮ್ಮಾಳ್ ಅವರ ಅಂಗಿ ಹಿಡಿದು ಕೂರಿಸುತ್ತಾರೆ. “ರೈಟ್, ರೈಟ್,” ಎನ್ನುತ್ತಾ ಕಂಡಕ್ಟರು ಎಳೆದದ್ದು ಎರಡು ಕಿಲೋ ತೂಗುವ ಗೆಂಡೆ. ಮೂವರೂ ನಕ್ಕ ನಗೆಗೆ ಜೊಂಡಿನ ಕೊಕ್ಕರೆಗಳು ಹಾರುತ್ತವೆ.

ಬೇಕೆಂದೇ ಕೂಗಿದಿರಾ ಎಂದು ಆಮೇಲೆ ಕೇಳಿದರೆ ಮುತ್ತುಸೆಲ್ವಿ ಸೆರಗಿನಿಂದ ಮುಖ ಒರೆಸಿಕೊಂಡು, “ಕೇಳಿದ್ದನ್ನ ಯೋಳಿದೆ, ಅಷ್ಟೇ,” ಎನ್ನುತ್ತಾರೆ.

ಮೀನು ಬುಟ್ಟಿ ಸೇರಿದ ಮೇಲೂ ಚೆಲ್ಲಮ್ಮಾಳ್ ಇಳಿಯುವ ಮಾತೆತ್ತುವುದಿಲ್ಲ. ಆಚೆ ದಡದ ಹತ್ತಿರ ಹರಿಗೋಲು ತಿರುಗಿದಾಗ ಅವರ ಕಣ್ಣು ತಮ್ಮ ಮನೆಯ ಮೇಲೆ ಬೀಳುತ್ತದೆ. ಮೆಟ್ಟಿಲು, ಬಾಳೆಗಿಡ, ನೀಲಿ ಬಾಗಿಲು. ಬಾಗಿಲಲ್ಲಿ ನಿಂತು ಐವತ್ತು ವರ್ಷ ಹೊಳೆ ನೋಡಿದವರು ಹೊಳೆಯಿಂದ ಬಾಗಿಲು ನೋಡಿದ್ದು ಇವತ್ತೇ.

“ನಿಮ್ಮ ಮಾಮ ದಿನಾ ಇದನ್ನ ನೋಡ್ತಾ ಬರ್ತಿದ್ರಾ ಸೆಲ್ವಿ?”

“ಹೂಂ ಅತ್ತೆ. ನೀವು ಬಾಗಿಲಲ್ಲಿ ನಿಂತಿರೋದೂ ಕಾಣ್ತದೆ.”

ಅಜ್ಜಿ ಕಣ್ಣೊರೆಸಿಕೊಂಡು ನಗುತ್ತಾರೆ. ದಡ ಮುಟ್ಟಿದಾಗ ಅಯ್ಯಾವು ಬುಟ್ಟಿ ಎತ್ತಿಕೊಂಡು, ಮುಂದಿನ ಭಾನುವಾರವೂ ಬರಬಹುದೇ ಎಂದು ಮುತ್ತುಸೆಲ್ವಿಯನ್ನು ಕೇಳುತ್ತಾರೆ.

ಸೊಸೆ ಬಾಯಿ ತೆರೆಯುವ ಮೊದಲೇ ಚೆಲ್ಲಮ್ಮಾಳ್ ಹೇಳುತ್ತಾರೆ: “ಬನ್ನಿ. ಒಬ್ಬರೇ ಬನ್ನಿ, ಪರಿಸಲಲ್ಲಿ ನಂಗೂ ಜಾಗ ಬೇಕು.”