ಸರಸಂಬಾದ ಆಕಳ ಹಾಲು

ನರ್ಸ್ ಕೆಲಸದ ಮೇಲೆ ಸರಸಂಬಾ ಎಂಬ ಹಳ್ಳಿಗೆ ಹೋದಾಗ ಏಳು ತಿಂಗಳ ಕೂಸೊಂದನ್ನು ನೋಡಿದೆ. ತಾಯಿಗೆ ಹಾಲು ಸಾಲುತ್ತಿಲ್ಲವೆಂದು ಅಜ್ಜಿ ಆಕಳ ಹಾಲು ಕುಡಿಸತೊಡಗಿದ್ದರು. ಅಂದಿನಿಂದ ಕೂಸಿಗೆ ಭೇದಿ. ಮಲದಲ್ಲಿ ರಕ್ತದ ಎಳೆಯೂ ಕಾಣುತ್ತಿತ್ತು.

"ವರ್ಷ ತುಂಬೂತನಕ ಆಕಳ ಹಾಲು ಬ್ಯಾಡ್ರಿ ಆಯಿ. ಈಗ್ಲೇ ಆಳಂದ ದವಾಖಾನಿಗೆ ನಡ್ರಿ," ಅಂದೆ.

ಅಜ್ಜಿಯ ಮುಖ ಸಣ್ಣದಾಯಿತು. "ನಮ್ಮ ಆಕಳ ಹಾಲಿಗೇ ಹೆಸರಿಡ್ತೀರೇನ್ರಿ? ನನ್ನ ಮಕ್ಕಳೆಲ್ಲ ಅದನ್ನೇ ಕುಡದು ಬೆಳದಾರ."

"ಹಾಲಿಂದೇನೂ ತಪ್ಪಿಲ್ರಿ. ಕೂಸಿನ ಹೊಟ್ಟಿ ಇನ್ನಾ ಎಳೇದು."

ಅಜ್ಜಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಟರು. ಡಾಕ್ಟರು ಆಕಳ ಹಾಲು ಬಿಡಿಸಿ, ಬದಲಿಗೆ ಏನು ಕುಡಿಸಬೇಕೆಂದು ತಿಳಿಸಿದರು. ಕೆಲವೇ ದಿನಗಳಲ್ಲಿ ಕೂಸು ಗೆಲುವಾಯಿತು.

ಮುಂದಿನ ಸಲ ಹೋದಾಗ ಅಜ್ಜಿ ನನ್ನೆದುರು ಗ್ಲಾಸು ತುಂಬ ಹಾಲಿಟ್ಟರು. "ನೀವೇನ್ ಕೂಸಲ್ಲಲ್ರಿ, ಕುಡೀರಿ."

ಹಾಲು ನನಗೂ ಒಗ್ಗುವುದಿಲ್ಲವೆಂದು ಹೇಳಲು ಧೈರ್ಯವಾಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡೇ ಕೂತಿದ್ದೆ.