ಬೆಂಕಿಗೂಡಿನ ಎಡಗಡೆಯ ಗೋಡೆ

ಹಳೆಯ ಮನೆಗಳಿಗೆ ಜೀವವಿರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಾನು ಆರ್ಕಿಟೆಕ್ಟ್, ಅಳತೆಗೆ ಸಿಗದ್ದನ್ನು ನಂಬಿದವಳಲ್ಲ. ಈಗ ನಗುವುದಿಲ್ಲ. ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು, ನನ್ನ ಸಣ್ಣತನವನ್ನೂ ಸೇರಿಸಿ, ಹೇಳಿಬಿಡುತ್ತೇನೆ.

ಹತ್ತು ವರ್ಷದ ಹಿಂದಿನ ಮಾತು. ನಾನೂ ಗೆಳತಿ ಸುಮಾಳೂ ಮೈಸೂರಿನಲ್ಲಿ ಒಟ್ಟಿಗೆ ಓದಿ, ನೈರೋಬಿಯ ಒಂದೇ ಆಫೀಸಿನಲ್ಲಿದ್ದೆವು. ಅಲ್ಲೇ ಕಿಲೆಲೆಶ್ವಾ ಬಡಾವಣೆಯಲ್ಲಿ ಅಕ್ಕಪಕ್ಕದ ಫ್ಲ್ಯಾಟು. ಸ್ಪ್ರಿಂಗ್ ವ್ಯಾಲಿಯ ಹಳೆಯ ಇಂಗ್ಲಿಷ್ ಬಂಗಲೆಯ ದುರಸ್ತಿ ಕೆಲಸ ಬಂದಾಗ ನನಗೇ ಎಂದುಕೊಂಡಿದ್ದೆ; ಅಂಥ ಕಟ್ಟಡಗಳ ಮೇಲೆ ಪ್ರಬಂಧ ಬರೆದವಳು ನಾನು. ಸಿಕ್ಕಿದ್ದು ಸುಮಾಳಿಗೆ. ನಾನು ಅವಳಿಗೆ ಟೇಪ್ ಹಿಡಿಯುವವಳು. ಅವಳು ನಕ್ಕರೂ ನನಗೆ ಮೈ ಉರಿಯುತ್ತಿತ್ತು.

ಆ ಮನೆ ಕಟ್ಟಿಸಿದವನು ಒಬ್ಬ ಕಾಫಿ ಪ್ಲಾಂಟರ್. ಇಂಗ್ಲೆಂಡಿನ ಹಳ್ಳಿಯಲ್ಲಿದ್ದ ಮನೆತನದ ದೊಡ್ಡ ಮನೆ ಪೂರ್ತಿ ಅಣ್ಣನ ಪಾಲಾಯಿತಂತೆ. ತಮ್ಮ ಇಲ್ಲಿಗೆ ಬಂದು, ನೆನಪಿನಿಂದಲೇ ಅದನ್ನು ಮತ್ತೆ ಕಟ್ಟಿಸಿದ: ಕಡಿದಾದ ಹೆಂಚಿನ ಚಾವಣಿ, ಎತ್ತರದ ಇಟ್ಟಿಗೆ ಚಿಮಣಿಗಳು, ಬಿಳಿ ಗಾರೆಯ ನಡುವೆ ಕಪ್ಪು ತೊಲೆಗಳು. ಓಕ್ ಬದಲು ಇಲ್ಲಿಯ ಸೀಡರ್ ಮರ. ಮನೆ ನೋಡಿಕೊಳ್ಳುತ್ತಿದ್ದ ವಯಸ್ಸಾದ ಮ್ವಾಂಗಿ ಇದನ್ನೆಲ್ಲ ಹೇಳಿದರು. ನಾನು ಎಂದೂ ಕಂಡಿರದ ಆ ತಮ್ಮನ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು.

ಹಾಲ್‌ನಲ್ಲಿ ಬೆಂಕಿಗೂಡಿನ ಎಡಗಡೆಯ ಗೋಡೆ ಅಳೆದೆ. ಸರಿಯಾಗಿ ಹದಿನಾಲ್ಕು ಅಡಿ.

"ಎಷ್ಟು ಬಂತು ಕಣೆ?" ಎಂದಳು ಸುಮಾ.

"ಹದಿನೈದು" ಎಂದೆ.

ಅವಳು ಬರೆದುಕೊಂಡಳು. ಆ ಗೋಡೆಗೆ ಹೊಸ ಸೀಡರ್ ಹಲಗೆ ಹೊದಿಸಬೇಕಿತ್ತು. ಒಂದಡಿ ತಪ್ಪಿದರೆ ಎಲ್ಲರೆದುರು ಅವಳಿಗೆ ಅವಮಾನ. ನನಗೆ ಬೇಕಿದ್ದದ್ದು ಅಷ್ಟೇ.

ತಿಂಗಳಾದ ಮೇಲೆ ಹಲಗೆಗಳು ಬಂದವು. ಆ ಅವಮಾನ ನೋಡಲೆಂದೇ ಬೆಳಿಗ್ಗೆ ಬೇಗ ಹೋದೆ. ಬಡಗಿ ಒಂದೊಂದಾಗಿ ಕೂರಿಸಿದ. ಕೊನೆಯದು ಮೂಲೆಗೆ ಕೂತಿತು. ಕೂದಲೆಳೆಯಷ್ಟೂ ಸಂದಿಯಿಲ್ಲ, ಒಂದಿಷ್ಟೂ ಹೆಚ್ಚಿಲ್ಲ. ಸರಿಹೋಯಿತು ಎನ್ನಲು ಸ್ವಾಹಿಲಿಯಲ್ಲಿ "ಸವಾ" ಎಂದು ಅವನು ಕೈ ಒರೆಸಿಕೊಂಡ.

ನಾನು ಟೇಪ್ ಎಳೆದು ನೋಡಿದೆ. ಹದಿನೈದು ಅಡಿ. ಬಡಗಿಯ ಟೇಪಿನಲ್ಲೂ ಹದಿನೈದೇ. ಹಾಗಾದರೆ ಪಕ್ಕದ ಕೋಣೆ ಕಿರಿದಾಗಿರಬೇಕಲ್ಲ ಎಂದು ಓಡಿದೆ. ಅದು ಮೊದಲಿನಷ್ಟೇ ಇತ್ತು.

ಸುಮಾ ಹೊರಗೆ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದಳು. ತಡೆಯಲಾಗದೆ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಅವಳು ತಲೆ ಎತ್ತಲಿಲ್ಲ.

"ಗೊತ್ತಿತ್ತು. ನಿನ್ನ ಹಿಂದೇನೇ ನಿಂತಿದ್ದೆ. ಟೇಪ್‌ನಲ್ಲಿ ಫೋರ್ಟೀನ್ ಇದ್ದಿದ್ದು ನೋಡ್ದೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನೇ ಬಂದು ಹೇಳ್ತೀಯಾ ಅಂತ ಕಾದೆ. ಹೇಳ್ಲಿಲ್ಲ. ಡ್ರಾಯಿಂಗಲ್ಲಿ ನಾನೇ ಸರಿ ಮಾಡ್ದೆ. ಹಲಗೆ ಮಾಡ್ಸಿದ್ದು ಹದಿನಾಲ್ಕು ಅಡಿಗೇ."

ಟೇಪನ್ನು ಅವಳ ಕೈಗೆ ಕೊಟ್ಟೆ. ಒಂದು ತುದಿ ಅವಳು, ಇನ್ನೊಂದು ನಾನು ಹಿಡಿದು, ಮೂರು ಸಲ ಅಳೆದೆವು. ಹಲಗೆಯೂ ಹದಿನೈದು, ಗೋಡೆಯೂ ಹದಿನೈದು. ಸುಮಾಳ ಮುಖ ಬಿಳಿಚಿಕೊಂಡಿತ್ತು.

ಆ ಒಂದಡಿ ಎಲ್ಲಿಂದ ಬಂತೋ ಇಂದಿಗೂ ನನಗೆ ತಿಳಿಯದು. ಆ ಸಂಜೆ ಅವಳು ನಕ್ಷೆ ಹರಡಿ, ಪೆನ್ಸಿಲ್ ತುದಿಯನ್ನು ಆ ಗೋಡೆಯ ಗೆರೆಯ ಮೇಲಿಟ್ಟಳು.

"ಏನಂತ ಬರೀಲಿ, ನೀನೇ ಹೇಳು" ಎಂದಳು.

ಕೊನೆಯ ನಕ್ಷೆಯಲ್ಲಿ ಆ ಗೋಡೆಗೆ ಅಳತೆಯೇ ಇಲ್ಲ.