ಬ್ರಾಂದಿಗೆ ಎರಡು ಚಮಚ ಅರಿಷ್ಟ

ಬ್ರಾಂದಿಯನ್ನು ನಾನು ಹೊಟ್ಟೆಗೆ ಹಾಕಿಕೊಂಡವನಲ್ಲ, ಎದೆಗೆ ಹಚ್ಚಿಸಿಕೊಂಡವನು. ಚಿಕ್ಕಂದಿನಲ್ಲಿ ನೆಗಡಿಯಾದರೆ ಅಮ್ಮ ಎದೆಗೂ ಅಂಗಾಲಿಗೂ ನಾಲ್ಕು ಹನಿ ಬ್ರಾಂದಿ ತಿಕ್ಕಿ ಕಂಬಳಿ ಹೊದಿಸುತ್ತಿದ್ದಳು. ಅಂಥವನು ಅರವತ್ತೊಂದನೆಯ ವಯಸ್ಸಿನಲ್ಲಿ, ಬಸವೇಶ್ವರನಗರದ ನನ್ನ ಮನೆಯ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ನಿಂತು, ಬ್ರಾಂದಿಗೆ ಮೊಟ್ಟೆಯ ಬಿಳಿ ಸೇರಿಸಿ ಕುಲುಕುವ ಹಂತಕ್ಕೆ ಹೇಗೆ ಬಂದೆ ಎಂಬುದು ನನಗಿನ್ನೂ ಸರಿಯಾಗಿ ಅರ್ಥವಾಗಿಲ್ಲ. ನಿಮಗೇನಾದರೂ ಅರ್ಥವಾದರೆ ತಿಳಿಸಿ.

ಶುರುವಾದದ್ದು ಒಂದು ಫೋಟೋದಿಂದ. ನನ್ನ ಮಗಳು ಸಹನಾ ತನ್ನ ಆಫೀಸಿನ ಹುಡುಗನೊಬ್ಬನನ್ನು ಮೆಚ್ಚಿಕೊಂಡಿದ್ದಳು. ಹುಡುಗನ ತಂದೆ ನಂಜುಂಡಯ್ಯನವರು, ಕೆಂಗೇರಿಯವರು, ನಿವೃತ್ತ ಹೆಡ್‌ಮಾಸ್ಟರು, ಭಾನುವಾರ ಊಟಕ್ಕೆ ಬರುವುದೆಂದಾಗಿತ್ತು. ಸಹನಾ ಫೋನಿನಲ್ಲಿ ಅವರ ಫೋಟೋ ತೋರಿಸಿದಳು. ಯಾವುದೋ ರಿಸೆಪ್ಷನ್ನಿನಲ್ಲಿ, ಉದ್ದ ಕಾಲಿನ ಗಾಜಿನ ಲೋಟ ಹಿಡಿದು ನಿಂತಿದ್ದರು. ಮೇಲೆ ಬೆಳ್ಳಗೆ ನೊರೆ.

“ಮಜ್ಜಿಗೆನೇನಮ್ಮ?” ಎಂದೆ.

“ಬ್ರಾಂದಿ ಸವರ್ ಅಂತೆ ಅಪ್ಪಾ. ಕಾಕ್‌ಟೇಲು,” ಎಂದು ಅವಳು ಮುಂದಿನ ಫೋಟೋಗೆ ಹೋದಳು. ನಾನು ಹಿಂದಿನದರಲ್ಲೇ ಉಳಿದುಬಿಟ್ಟೆ.

ಅದಕ್ಕೆ ಕಾರಣವಿತ್ತು. ಹೋದ ವರ್ಷ ಅವಳಿಗೆ ನೋಡಿದ್ದ ಸಂಬಂಧವೊಂದು ಇನ್ನೇನು ಗಟ್ಟಿಯಾಯಿತು ಅನ್ನುವಾಗ ತಪ್ಪಿಹೋಗಿತ್ತು. ಮಧ್ಯೆ ಓಡಾಡಿದವರನ್ನು ಕೇಳಿದರೆ, “ಹುಡುಗಿ ಬಗ್ಗೆ ಏನೂ ಇಲ್ಲ ಸಾರ್. ಮನೆಯವರು ಸ್ವಲ್ಪ ಹಳೇ ಕಾಲದವರು ಅಂದ್ರು,” ಎಂದರು. ಮನೆಯವರು ಎಂದರೆ ನಾನೇ ತಾನೆ? ಸಹನಾ “ಹೋಗ್ಲಿ ಬಿಡಪ್ಪಾ” ಎಂದು ನಕ್ಕಳು. ಆದರೆ ಅವತ್ತು ಮೊಸರನ್ನವನ್ನು ತಲೆ ಎತ್ತದೆ ತಿಂದಳು. ಆ ಬಗ್ಗಿದ ತಲೆ ನನಗೆ ಇವತ್ತಿಗೂ ನೋಯುತ್ತದೆ. ಈ ಸಲದ ಹುಡುಗ ಅವಳೇ ಇಷ್ಟಪಟ್ಟವನು. ನನ್ನ ಹಳೇತನ ಮತ್ತೆ ಅಡ್ಡ ಬರಕೂಡದು.

“ಅವರಿಗೆ ನಿಜವಾಗ್ಲೂ ಅದು ಇಷ್ಟವಾ ಅಂತ ಕೇಳಬಾರದೇ?” ಎಂದು ನೀವು ಕೇಳಬಹುದು. ನಮ್ಮಲ್ಲಿ ಬೀಗರನ್ನು ಹಾಗೆಲ್ಲ ಕೇಳುವುದಿಲ್ಲ. ಅವರು ಬಾಯಿ ಬಿಡುವ ಮೊದಲೇ ಗ್ರಹಿಸಿಕೊಂಡುಬಿಡಬೇಕು. ಹೊಸದಾಗಿ ಮದುವೆಯಾದಾಗ ಮಾವನವರ ಎದುರು ನಾನೊಮ್ಮೆ ಸುಮ್ಮನೆ ತಲೆ ಕೆರೆದುಕೊಂಡಿದ್ದೆ. ಅಳಿಯಂದಿರಿಗೆ ಎಣ್ಣೆಸ್ನಾನವೆಂದರೆ ಪ್ರಾಣ ಎಂದು ಅವರು ಗ್ರಹಿಸಿದರು. ಅಲ್ಲಿಂದ ಮುಂದೆ ಅವರು ಬದುಕಿದ್ದಷ್ಟು ಕಾಲ, ಬಿನ್ನಿಪೇಟೆಯ ಅವರ ಮನೆಗೆ ಹೋದಾಗಲೆಲ್ಲ ನನ್ನನ್ನು ಎಣ್ಣೆಯಲ್ಲಿ ಅದ್ದಿ ತೆಗೆದರು. ನಾನೂ ಒಂದು ದಿನವೂ ಬೇಡವೆನ್ನಲಿಲ್ಲ.

ಯಾವುದೋ ವಿಡಿಯೋದಲ್ಲಿ ಏಪ್ರನ್ ತೊಟ್ಟ ಗಡ್ಡದವನೊಬ್ಬ ವಿಧಾನ ಹೇಳಿಕೊಟ್ಟ. ಬ್ರಾಂದಿ, ನಿಂಬೆರಸ, ಸಕ್ಕರೆ ಪಾಕ. ಇಲ್ಲಿಯವರೆಗೆ ರಾಮನವಮಿಯ ಪಾನಕಕ್ಕೆ ಬ್ರಾಂದಿ ಬಿದ್ದಂತೆ, ಸರಿ. ಆಮೇಲೆ ಮೊಟ್ಟೆಯ ಬಿಳಿ ಎಂದ. ನಮ್ಮ ಮನೆಯಲ್ಲಿ ಮೊಟ್ಟೆಗೆ ಅಡುಗೆಮನೆಯ ಪ್ರವೇಶವಿಲ್ಲ. ಅದಕ್ಕೆ ಯುಟಿಲಿಟಿಯಲ್ಲಿ ಬೇರೆ ಒಲೆ, ಬೇರೆ ಬಾಣಲೆ. ನನ್ನ ಹೆಂಡತಿ ಸುಮಿತ್ರಾ, “ನಿಂಬೆಹಣ್ಣಿಗೆ ಯಾರಾದ್ರೂ ಮೊಟ್ಟೆ ಹಾಕ್ತಾರೇನ್ರೀ? ಅಲ್ಲೇ ಏನಾದ್ರೂ ಮಾಡ್ಕೊಳ್ಳಿ, ಒಳಗೆ ಮಾತ್ರ ತರಬೇಡಿ,” ಎಂದು ಬಾಗಿಲು ಹಾಕಿಕೊಂಡಳು. ಕೊನೆಗೆ ಗಡ್ಡದವನು ಹರ್ಬಲ್ ಲಿಕ್ಯೂರ್ ಎರಡು ಚಮಚ ಎಂದ. ಗಿಡಮೂಲಿಕೆ ನೆನೆಸಿದ ಸಿಹಿ ಮದ್ಯವಂತೆ. ಪರದೇಶದ ಮಠವೊಂದರಲ್ಲಿ ಸನ್ಯಾಸಿಗಳು ನೂರಾರು ಬೇರು, ಎಲೆ ಹಾಕಿ ತಯಾರಿಸುತ್ತಾರಂತೆ. ಸನ್ಯಾಸಿಗಳು ಮದ್ಯ ಮಾಡುವುದು, ಹೆಡ್‌ಮಾಸ್ಟರು ಕುಡಿಯುವುದು, ಗುಮಾಸ್ತನಾಗಿದ್ದವನು ಕಲೆಸುವುದು: ಯಾರು ಯಾವ ಕೆಲಸ ಮಾಡಬೇಕೆಂಬುದೇ ನನಗೆ ತಿಳಿಯದಾಯಿತು.

ಮಾಗಡಿ ರಸ್ತೆಯ ವೈನ್ ಅಂಗಡಿಗೆ ಗುರುತು ಸಿಗದಿರಲೆಂದು ಹೆಲ್ಮೆಟ್ ಹಾಕಿಕೊಂಡೇ ಹೋದೆ. ಪಕ್ಕದಲ್ಲಿ ನಿಂತವರು ಯಾರೋ, “ಏನ್ ಸಾರ್, ಗಾಡಿ ಸರ್ವೀಸ್ ಆಯ್ತಾ?” ಎಂದರು. ನನ್ನ ಸ್ಕೂಟರಿಗೆ ಹೆಲ್ಮೆಟ್ ಇರಲಿಲ್ಲವಲ್ಲ. ಬ್ರಾಂದಿ ಸಿಕ್ಕಿತು. ಇನ್ನೊಂದನ್ನು ಕೇಳಿದಾಗ ಅಂಗಡಿಯವನು ನನ್ನನ್ನು ಕರುಣೆಯಿಂದ ನೋಡಿ, “ಹರ್ಬಲ್ಲಾ? ಅದೆಲ್ಲ ಮೆಡಿಕಲ್ ಸ್ಟೋರಲ್ಲಿ ಕೇಳಿ ಅಣ್ಣ,” ಎಂದ.

ಆ ಮಾತೇ ನನಗೆ ದಾರಿ ತೋರಿಸಿತು. ಔಷಧಿಯ ಅಂಗಡಿಗೇಕೆ ಹೋಗಬೇಕು, ಅಮ್ಮನ ಕೋಣೆಯಲ್ಲೇ ದಶಮೂಲಾರಿಷ್ಟವಿದೆ! ಹತ್ತು ಬೇರುಗಳನ್ನು ಬೆಲ್ಲದೊಂದಿಗೆ ಹುಳಿಯಿಸಿ ಮಾಡಿದ ಔಷಧ. ಸೀಸೆಯ ಚೀಟಿ ಓದಿದೆ. ಒಳಗೆ ತಾನಾಗಿ ಹುಟ್ಟಿದ ಮದ್ಯಸಾರವಿದೆ ಎಂದು ಸಣ್ಣ ಅಕ್ಷರದಲ್ಲಿತ್ತು. ವೈನ್ ಅಂಗಡಿ ಕಂಡರೆ ಸೆರಗಿನಿಂದ ಮೂಗು ಮುಚ್ಚುವ ಅಮ್ಮ ಎಷ್ಟೋ ವರ್ಷಗಳಿಂದ ಊಟವಾದ ಮೇಲೆ ಇದನ್ನು ತಪ್ಪದೆ ಸೇವಿಸುತ್ತಿದ್ದಾಳೆ. ಹಾಗಾದರೆ ಮನೆಯಲ್ಲಿ ಕುಡಿಯುವವರು ಯಾರು, ಕುಡಿಯದವರು ಯಾರು? ಹೆಚ್ಚು ಯೋಚಿಸದೆ ಎರಡು ಚಮಚ ಬಗ್ಗಿಸಿಕೊಂಡೆ.

ಭಾನುವಾರ ನಂಜುಂಡಯ್ಯನವರು ವಿಜಯನಗರದವರೆಗೆ ಮೆಟ್ರೋದಲ್ಲಿ ಬಂದು, ಅಲ್ಲಿಂದ ಆಟೋ ಹಿಡಿದು ಬಂದರು. ಸಹನಾ ಸಿಹಿ ತರಲು ಹೋಗಿದ್ದಳು. ನಾನು ಎಲ್ಲವನ್ನೂ ನನ್ನ ಆಫೀಸಿನ ಕಾಲದ ಟಿಫನ್ ಡಬ್ಬಿಗೆ ಹಾಕಿ, ಮೊದಲು ಐಸಿಲ್ಲದೆ, ಆಮೇಲೆ ಐಸ್ ಹಾಕಿ ಕುಲುಕಿದೆ. ಮೂವತ್ತು ವರ್ಷ ಸಾಂಬಾರು ಚೆಲ್ಲದ ಡಬ್ಬಿ ಮಾನ ಕಾಪಾಡಿತು. ನೊರೆ ಬಂದಾಗ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ.

ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ಕುಡಿದರು. ಜೊತೆ ಕೊಡಬೇಕೆಂದು ನಾನೂ ಕುಡಿದೆ. ಇಬ್ಬರೂ “ಚೆನ್ನಾಗಿದೆ” ಎಂದೆವು. ಮತ್ತೆ ಕುಡಿದೆವು. ಅರ್ಧಕ್ಕೆ ಬಂದಾಗ ಅವರು ಮೆಲ್ಲಗೆ, “ತಪ್ಪು ತಿಳೀಬೇಡಿ ಸಾರ್. ನಮ್ಮ ಮನೆಯವಳು ಬಾಣಂತಿಯಾಗಿದ್ದಾಗ ಇದೇ ವಾಸನೆ,” ಎಂದರು.

ನಾನು ಒಪ್ಪಿಕೊಂಡುಬಿಟ್ಟೆ. “ನಿಮಗೆ ಇಷ್ಟ ಅಂತ ಮಾಡ್ದೆ. ಫೋಟೋದಲ್ಲಿ ನೋಡಿದ್ದೆ.”

“ಅಯ್ಯೋ, ನಾನು ಕುಡಿಯಲ್ಲ ಸಾರ್! ಅದು ನಮ್ಮ ತಮ್ಮನ ಗ್ಲಾಸು. ಕೈ ತೊಳ್ಕೊಂಡು ಬರ್ತೀನಿ ಹಿಡ್ಕೋ ಅಂದ. ಆಗ್ಲೇ ಯಾರೋ ಫೋಟೋ ತೆಗೆದ್ರು.”

“ಮತ್ತೆ ಈಗ ಯಾಕೆ ಕುಡಿದ್ರಿ?”

“ನೀವು ಅಷ್ಟು ಪ್ರೀತಿಯಿಂದ ಕೊಟ್ರಿ. ಬೇಡ ಅಂದ್ರೆ ಇವರು ಯಾವ ಕಾಲದವರಪ್ಪಾ ಅಂದ್ಕೋತೀರೇನೋ ಅಂತ...”

ಅಷ್ಟರಲ್ಲಿ ವಾಸನೆ ಹಿಡಿದು ಅಮ್ಮ ಕೋಲೂರಿಕೊಂಡು ಬಂದಳು. ಲೋಟ ಮೂಸಿ ನೋಡಿದಳು. ಬೈಯಲಿಲ್ಲ. “ಅರಿಷ್ಟ ತಗೊಂಡು ಹಿಂಗೆ ಫ್ಯಾನ್ ಕೆಳಗೆ ಕೂತ್ಕೋತಾರೇನ್ರಪ್ಪಾ? ಶೀತ ಆಗುತ್ತೆ,” ಎಂದು ಫ್ಯಾನ್ ಆರಿಸಿ, ಬಾಣಂತಿಯರಿಗೆ ಮಾಡುವಂತೆ ನಮ್ಮಿಬ್ಬರ ಕಿವಿಗೂ ಹತ್ತಿ ತುರುಕಿ ಹೋದಳು. ತೆಗೆಯುವ ಧೈರ್ಯ ಹೆಡ್‌ಮಾಸ್ಟರಿಗೂ ಇರಲಿಲ್ಲ.

ಸಹನಾ ಸಿಹಿಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಾಗ ಕಂಡದ್ದು ಈ ದೃಶ್ಯ. ಅವಳ ಮುಖ ಇಳಿಯಿತು. ಸರಿಯಾಗಿ ಆಗಲೇ ನಂಜುಂಡಯ್ಯನವರಿಗೆ ಫೋನು ಬಂತು, ಮಗನದು. ಕಿವಿಯಲ್ಲಿ ಹತ್ತಿಯಿದ್ದವರು ಬೀದಿಗೆಲ್ಲ ಕೇಳುವಂತೆ ಮಾತಾಡಿದರು:

“ನಂಗೆ ಒಪ್ಪಿಗೆ ಕಣೋ! ಒಳ್ಳೇ ಜನ. ಸ್ವಲ್ಪ ಹಳೇ ಕಾಲದವರು, ನಮ್ಮ ಥರಾನೇ!”

ಸಹನಾ ನನ್ನ ಕಡೆ ನೋಡಿದಳು. ನನ್ನ ಕಿವಿಯಲ್ಲೂ ಹತ್ತಿಯಿತ್ತು. ಆದರೂ ಚೆನ್ನಾಗಿ ಕೇಳಿಸಿತು.